ಬಟನ್ ಚಾಕು ಬಾವಿಗಿಳಿದಾಗ

ಏಪ್ರಿಲ್ ಮುಗಿಯುತ್ತ ಬಂದಂತೆ ಇಟಗಿ ಸುತ್ತಲಿನ ತೆರೆದ ಬಾವಿಗಳಲ್ಲಿ ನೀರು ತಳ ಹಿಡಿಯುತ್ತದೆ. ಪಂಪ್‌ಸೆಟ್ ಓಡುತ್ತಿರುತ್ತದೆ, ನೀರು ಮಾತ್ರ ಏರುವುದಿಲ್ಲ. ಪೈಪಿನ ತುದಿಯ ಫುಟ್‌ವಾಲ್ವಿಗೆ ಪಾಚಿಯೋ, ಹರಿದ ಗೊಬ್ಬರದ ಚೀಲವೋ, ಹಳೆಯ ನೈಲಾನ್ ಹಗ್ಗದ ಎಳೆಯೋ ಸುತ್ತಿಕೊಂಡಿರುತ್ತದೆ. ಈಜು ಬಲ್ಲವನೊಬ್ಬ ಉಸಿರು ಕಟ್ಟಿ ಮುಳುಗಬೇಕು. (ಅದಕ್ಕೂ ಮುಂಚೆ ಕರೆಂಟು ತೆಗೆದು, ಫ್ಯೂಸನ್ನು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಬಾವಿಯ ಸಾವುಗಳಲ್ಲಿ ಈಜು ಬಾರದೆ ಸತ್ತವರಷ್ಟೇ ಇರುವುದಿಲ್ಲ.) ಒಂದು ಕೈ ಪೈಪನ್ನು ಬಿಡುವಂತಿಲ್ಲ, ಬಿಟ್ಟರೆ ಮೈ ಮೇಲಕ್ಕೆ ತೇಲುತ್ತದೆ. ಕೆಲಸಕ್ಕೆ ಉಳಿಯುವುದು ಇನ್ನೊಂದೇ ಕೈ. ಮಡಿಚಿಟ್ಟ ಚಾಕುವನ್ನು ಒಂದೇ ಕೈಯಲ್ಲಿ, ಕಣ್ಣು ಕಾಣದ ಕೆಸರು ನೀರಿನಲ್ಲಿ ಬಿಚ್ಚುವುದು ಹೇಗೆ?

ಬಟನ್ ಚಾಕುವಿನ ಆಸೆ ಹುಟ್ಟುವುದು ಇಲ್ಲೇ. ಒತ್ತಿದರೆ ಸಾಕು, ಸ್ಪ್ರಿಂಗು ಅಲಗನ್ನು ತಾನೇ ತೆರೆಯುತ್ತದೆ. ಒಣ ನೆಲದ ಮೇಲೆ ಇದರಲ್ಲಿ ಸೋಜಿಗವೇನೂ ಇಲ್ಲ. ನೀರಿನೊಳಗೆ ಅದು ನಂಬುವಂತೆ ತೆರೆಯುತ್ತದೆಯೇ ಎಂಬುದು ಕೇಳಲು ಹುಡುಗಾಟದ ಪ್ರಶ್ನೆ, ಆದರೆ ಉತ್ತರ ಹುಡುಕಲು ಹೊರಟರೆ ಸ್ಪ್ರಿಂಗು, ನೀರು, ಎರೆಮಣ್ಣು, ಲೆಕ್ಕ, ಕಾನೂನು ಎಲ್ಲವೂ ಎದುರಾಗುತ್ತವೆ.

ಇಲ್ಲಿ ಹೇಳುತ್ತಿರುವುದು ರೋಣ–ಗಜೇಂದ್ರಗಡ ಸೀಮೆಯ ಇಟಗಿಯ ಮಾತು, ಭೀಮಾಂಬಿಕೆಯ ಊರು. 1112ರ ಮಹಾದೇವ ದೇವಾಲಯವಿರುವ ಇಟಗಿ ಕೊಪ್ಪಳ ಜಿಲ್ಲೆಯದು, ಅದು ಬೇರೆ. ನಮ್ಮ ಇಟಗಿಯದು ಎರೆ ಭೂಮಿ, ಮಳೆ ನಂಬಿದ ಬೇಸಾಯ. ಹತ್ತಿರದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡವಿದೆ. ನಾಲ್ಕೂ ಕಡೆಯ ಕಲ್ಲುಗೋಡೆಯ ನಡುವೆ ಮೆಟ್ಟಿಲಿಳಿದು ನೀರು ಮುಟ್ಟಬಹುದು. ಮೆಟ್ಟಿಲಿಟ್ಟು ಕಟ್ಟಿದವರು ಮುಳುಗುವ ಕೆಲಸವನ್ನೇ ತಪ್ಪಿಸಿದ್ದರು. ನಾವು ಬಾವಿಯನ್ನು ನೆಟ್ಟಗೆ ತೋಡಿ, ಪೈಪು ಇಳಿಬಿಟ್ಟು, ಆ ಕೆಲಸವನ್ನು ಮತ್ತೆ ಹುಟ್ಟಿಸಿದ್ದೇವೆ.

ಒಂದೇ ಕೈಯಲ್ಲಿ ತೆರೆಯುವ ಚಾಕುವಿನ ಅಗತ್ಯ ಸೈನ್ಯಕ್ಕೆ ಮೊದಲು ತಟ್ಟಿದ್ದು ನೀರಿನಲ್ಲಲ್ಲ, ಆಕಾಶದಲ್ಲಿ. ಪ್ಯಾರಾಚೂಟಿನಲ್ಲಿ ಇಳಿದ ಸೈನಿಕ ಮರಕ್ಕೆ ಸಿಕ್ಕಿ ನೇತಾಡುವಾಗ ಒಂದು ಕೈ ಹಗ್ಗದಲ್ಲಿ ಸಿಲುಕಿರುತ್ತದೆ. ಜರ್ಮನಿ 1937ರಲ್ಲಿ ತನ್ನ ಪ್ಯಾರಾಚೂಟ್ ಪಡೆಗೆ ಕೊಟ್ಟ ಚಾಕುವಿಗೆ ಸ್ಪ್ರಿಂಗಿನ ನೂಕು ಇರಲಿಲ್ಲ. ಸನ್ನೆ ಅಮುಕಿ ಹಿಡಿಯನ್ನು ಕೆಳಮುಖ ಮಾಡಿದರೆ ಅಲಗು ತನ್ನ ಭಾರಕ್ಕೇ ಜಾರಿ ಹೊರಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪಡೆ ಬಟನ್ ಚಾಕುವನ್ನೇ ಕೊಟ್ಟಿತು. ಯುದ್ಧ ಮುಗಿದ ಮೇಲೆ ಅದೇ ಚಾಕು ಪೋಲಿ ಹುಡುಗರ ಗುರುತಾಗಿ ಸಿನಿಮಾಗಳಲ್ಲಿ ಮೆರೆಯಿತು, 1958ರಲ್ಲಿ ಅಮೆರಿಕ ಅದರ ಅಂತರರಾಜ್ಯ ವ್ಯಾಪಾರವನ್ನು ಕಾನೂನು ಮಾಡಿ ತಡೆಯಿತು. ಆ ಕಾನೂನಿನಲ್ಲೊಂದು ವಿನಾಯಿತಿ ಇದೆ: ಒಂದೇ ಕೈ ಇರುವವರು ಮೂರು ಇಂಚಿನೊಳಗಿನ ಅಲಗಿನ ಬಟನ್ ಚಾಕು ಇಟ್ಟುಕೊಳ್ಳಬಹುದು. ಯಾರಿಗೆ ಇದು ನಿಜಕ್ಕೂ ಬೇಕು ಎಂದು ಆ ಒಂದು ಸಾಲು ಬರೆದವನಿಗೆ ಗೊತ್ತಿತ್ತು. ಬಾವಿಯ ತಳದಲ್ಲಿ ಪೈಪು ಹಿಡಿದವನೂ ಆ ಹೊತ್ತಿಗೆ ಒಂದೇ ಕೈಯವನು.

ಬಟನ್ ಚಾಕುಗಳಲ್ಲಿ ಎರಡು ಜಾತಿ. ನೀರಿನ ಪ್ರಶ್ನೆಗೆ ಉತ್ತರ ಅರ್ಧ ಸಿಗುವುದು ಈ ಭೇದದಲ್ಲೇ. ಮೊದಲನೆಯದರಲ್ಲಿ ಅಲಗು ಹಿಡಿಯ ಪಕ್ಕದಿಂದ, ಕೀಲಿನ ಸುತ್ತ ಅರ್ಧ ವೃತ್ತ ತಿರುಗಿ ತೆರೆದುಕೊಳ್ಳುತ್ತದೆ. ಕೀಲಿನಲ್ಲಿ ಸುರುಳಿ ಸ್ಪ್ರಿಂಗು ಕೂತಿರುತ್ತದೆ. ಎರಡನೆಯದರಲ್ಲಿ ಅಲಗು ಹಿಡಿಯ ಮೂತಿಯಿಂದ ನೇರ ಮುಂದಕ್ಕೆ ಚಿಮ್ಮುತ್ತದೆ. ಒಂದೇ ಗುಂಡಿಯನ್ನು ಮುಂದೆ ತಳ್ಳಿದರೆ ಹೊರಗೆ, ಹಿಂದೆ ಎಳೆದರೆ ಒಳಗೆ. ನೋಡುವವರ ಕಣ್ಣು ಅರಳುವುದು ಎರಡನೆಯದನ್ನು ಕಂಡಾಗ. ನೀರಿಗಿಳಿಯುವವನು ನಂಬಬಾರದ್ದೂ ಅದನ್ನೇ.

ಕಾರಣ ಸ್ಪ್ರಿಂಗು ಎಲ್ಲಿಯವರೆಗೆ ನೂಕುತ್ತದೆ ಎಂಬುದರಲ್ಲಿದೆ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು, ಸ್ನಿಗ್ಧತೆ ಸುಮಾರು 50 ಪಟ್ಟು. ಕೇಳಿದರೆ ಯಾವ ಸ್ಪ್ರಿಂಗೂ ಗೆಲ್ಲಲಾರದು ಅನ್ನಿಸುತ್ತದೆ. ಆದರೆ ವೇಗವಾಗಿ ಚಲಿಸುವ ವಸ್ತುವಿಗೆ ನೀರು ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ತಡೆ ಕಾಲು ಭಾಗವಾಗುತ್ತದೆ, ವೇಗ ಇನ್ನೂ ಇಳಿದರೆ ತಡೆ ಹೆಸರಿಗಷ್ಟೇ ಉಳಿಯುತ್ತದೆ. ಅಂದರೆ ನೀರು ಅಲಗನ್ನು ನಿಧಾನ ಮಾಡಬಲ್ಲದು, ತಾನೊಂದೇ ಪೂರ್ತಿ ನಿಲ್ಲಿಸಲಾರದು. ಹಿಂದಿನಿಂದ ನೂಕು ಇರುವ ತನಕ ಅಲಗು ಸಾಗುತ್ತಲೇ ಇರುತ್ತದೆ. ಪಕ್ಕಕ್ಕೆ ತೆರೆಯುವ ಚಾಕುವಿನ ಸ್ಪ್ರಿಂಗು ಅಲಗು ಲಾಕ್ ಆಗುವ ಕೊನೆಯ ಗಳಿಗೆಯವರೆಗೂ ನೂಕುತ್ತದೆ. ಇನ್ನೊಂದು ಅನುಕೂಲವೂ ಉಂಟು: ಅಲಗು ತಿರುಗುವಾಗ ನೀರನ್ನು ತನ್ನ ಅಗಲದಿಂದ ತಳ್ಳುವುದಿಲ್ಲ, ಮೂರು ಮಿಲಿಮೀಟರ್ ದಪ್ಪದ ಬೆನ್ನಿನಿಂದ ಸೀಳುತ್ತದೆ. ಗಾಳಿಯಲ್ಲಿ 'ಟಕ್' ಎನ್ನುವ ಚಾಕು ನೀರಿನಲ್ಲಿ ಸೋಮಾರಿಯಂತೆ ತೆರೆದು, ಕೊನೆಗೆ ಕೂರಬೇಕಾದಲ್ಲಿ ಕೂರುತ್ತದೆ.

ಮುಂದಕ್ಕೆ ಚಿಮ್ಮುವ ಚಾಕುವಿನ ಲೆಕ್ಕ ಬೇರೆ. ಅದರ ಸ್ಪ್ರಿಂಗು ಅಲಗನ್ನು ದಾರಿಯ ಮೊದಲ ಭಾಗದಲ್ಲಿ ಮಾತ್ರ ದಬ್ಬಿ ಕೈಬಿಡುತ್ತದೆ. ಉಳಿದ ದಾರಿಯನ್ನು ಅಲಗು ಆ ವೇಗದ ಬಲದಿಂದಲೇ ದಾಟಿ ಲಾಕ್‌ಗೆ ಬೀಳಬೇಕು, ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವನ ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ. ಗಾಳಿಯಲ್ಲಿ ತೊಂದರೆಯಿಲ್ಲ. ನೀರಿನಲ್ಲಿ ವೇಗ ಕಳೆದುಕೊಂಡ ಅಲಗಿಗೆ ಹಿಂದಿನಿಂದ ನೂಕುವವರು ಯಾರೂ ಇಲ್ಲ. ಜೊತೆಗೆ ಹಿಡಿಯ ಒಳಗಿನ ಕೊಳವೆಯಂಥ ಜಾಗದಲ್ಲೂ ನೀರು ತುಂಬಿರುತ್ತದೆ. ಅಲಗು ಮುಂದೆ ಹೋಗಬೇಕಾದರೆ ಅದರ ಹಿಂದೆ ಖಾಲಿಯಾದ ಜಾಗಕ್ಕೆ ಸಣ್ಣ ಸಂದುಗಳಿಂದಲೇ ನೀರು ನುಗ್ಗಿ ಬರಬೇಕು. ಅಲಗು ಮುಕ್ಕಾಲು ಹೊರಬಂದು, ಲಾಕ್ ಆಗದೆ, ಹಿಂದೆ ಮುಂದೆ ಅಲ್ಲಾಡುತ್ತ ನಿಲ್ಲುವುದಕ್ಕೆ ಇಷ್ಟು ಸಾಕು. ಬಟ್ಟೆಯ ಮಡಿಕೆ ಅಡ್ಡ ಬಂದರೆ ನೆಲದ ಮೇಲೂ ಈ ಚಾಕು ಹೀಗೆ ಹಳಿ ತಪ್ಪುವುದುಂಟು. ಆಗ ಅಲಗನ್ನು ಕೈಯಿಂದ ಎಳೆದು ಕೂರಿಸಬೇಕು, ಅದಕ್ಕೆ ಎರಡನೇ ಕೈ ಬೇಕು. ಎರಡು ಕೈ ಖಾಲಿ ಇದ್ದವನಿಗೆ ಬಟನ್ ಚಾಕು ಯಾತಕ್ಕೆ?

ಜರ್ಮನರ ಆ ಜಾರುವ ಚಾಕು ನೀರಿನಲ್ಲಿ ಏನಾಗುತ್ತದೆ ಎಂದು ಕುತೂಹಲಕ್ಕೆ ಲೆಕ್ಕ ಹಾಕಿದರೆ, ಉಕ್ಕು ನೀರಿನಲ್ಲಿ ತನ್ನ ತೂಕದ ಎಂಟನೇ ಒಂದು ಪಾಲನ್ನಷ್ಟೇ ಕಳೆದುಕೊಳ್ಳುತ್ತದೆ. ನಿಧಾನಕ್ಕಾದರೂ ಜಾರಿ ಬರುತ್ತದೆ. ಆದರೆ ತಲೆಕೆಳಗಾಗಿ ಮುಳುಗಿದವನಿಗೆ ಕೆಳಗು ಯಾವುದು ಎಂದು ಗೊತ್ತಿರಬೇಕು.

ಆಳದ ಒತ್ತಡದ ಬಗ್ಗೆ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ, ನಿಜ. ಆದರೆ ಚಾಕುವಿನ ಒಳಗೂ ಹೊರಗೂ ಅದೇ ನೀರು, ಅದೇ ಒತ್ತಡ. ಗಾಳಿ ಸಿಕ್ಕಿಬಿದ್ದ ಮುಚ್ಚಿದ ಕೋಣೆ ಅದರಲ್ಲಿ ಇಲ್ಲವಾದ್ದರಿಂದ ಆಳಕ್ಕೂ ಅದರ ಕೆಲಸಕ್ಕೂ ಸಂಬಂಧವಿಲ್ಲ. ಬಾವಿಯ ನೀರಿನ ತಂಪಿಗೆ ಸ್ಪ್ರಿಂಗಿನ ಬಲವೂ ಕುಂದುವುದಿಲ್ಲ.

ಹಾಗಾದರೆ ಪಕ್ಕಕ್ಕೆ ತೆರೆಯುವ ಚಾಕು ನೀರಿನಲ್ಲಿ ಪಾಸು ಅನ್ನಬಹುದೇ? ತಿಳಿನೀರಿನ ಬಕೆಟ್ಟಿನಲ್ಲಿ ಪಾಸು. ಇಟಗಿಯ ಬಾವಿಯಲ್ಲಿ ತಿಳಿನೀರು ಎಲ್ಲಿದೆ?

ಎರೆಮಣ್ಣನ್ನು ಬಲ್ಲವರಿಗೆ ಅದರ ಗುಣ ಹೇಳಬೇಕಿಲ್ಲ. ಒದ್ದೆಯಾದರೆ ಉಬ್ಬುತ್ತದೆ, ಅಂಟುತ್ತದೆ; ಒಣಗಿದರೆ ಕುಗ್ಗಿ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ಅದರ ಜೇಡಿಯ ಕಣಗಳು ಮಿಲಿಮೀಟರಿನ ಐನೂರನೇ ಒಂದು ಪಾಲಿಗಿಂತಲೂ ಸಣ್ಣವು. ಚಾಕುವಿನ ಕೀಲಿನಲ್ಲಿ ಅಲಗಿಗೂ ವಾಷರಿಗೂ ನಡುವೆ ಎಷ್ಟೇ ಕಿರಿದಾದ ಸಂದಿರಲಿ, ಈ ಕಣಗಳಿಗೆ ಅದು ಹೆದ್ದಾರಿ. ನೀರಿನೊಳಗೆ ಇರುವಷ್ಟು ಹೊತ್ತು ಕೆಸರು ಅಷ್ಟೇನೂ ಕಾಡುವುದಿಲ್ಲ. ಕಾಡುವುದು ಮೇಲೆ ಬಂದು, ಚಾಕುವನ್ನು ಒರೆಸಿ, ಕಿಸೆಗೆ ಹಾಕಿ, ವಾರ ಬಿಟ್ಟ ಮೇಲೆ. ಒಳಗಿನ ಕೆಸರು ಗಾರೆಯಂತೆ ಗಟ್ಟಿಯಾಗಿ ಎಣ್ಣೆಯನ್ನೂ ಹೀರಿಕೊಂಡಿರುತ್ತದೆ. ಸ್ಪ್ರಿಂಗು ನೂಕುತ್ತದೆ, ಅಲಗು ಅರ್ಧಕ್ಕೆ ನಿಲ್ಲುತ್ತದೆ. ನೀರಿನ ತಡೆ ವೇಗ ಇಳಿದಂತೆ ಇಳಿಯುತ್ತದೆ ಎಂದೆ. ಕೆಸರಿನ ತಿಕ್ಕಾಟಕ್ಕೆ ಆ ದಯೆ ಇಲ್ಲ. ನಿಂತ ಅಲಗನ್ನು ಅದು ನಿಂತಲ್ಲೇ ಹಿಡಿದಿಡುತ್ತದೆ.

ಕರಾವಳಿಯಲ್ಲಿ ಕೆಸರಿನ ಜಾಗಕ್ಕೆ ಉಪ್ಪು ಬರುತ್ತದೆ. ಅಲಗು ಎಂಥ ತುಕ್ಕುರಹಿತ ಉಕ್ಕಿನದಾದರೂ ಒಳಗಿನ ಸ್ಪ್ರಿಂಗು ಕಾರ್ಬನ್ ಉಕ್ಕಿನ ತಂತಿಯದಾಗಿದ್ದರೆ ಮೊದಲು ತಿನ್ನಿಸಿಕೊಳ್ಳುವುದು ಅದೇ. ತುಕ್ಕು ಕೊರೆದ ಸಣ್ಣ ಗುಳಿಯಿಂದ ಬಿರುಕು ಶುರುವಾಗಿ ಸ್ಪ್ರಿಂಗು ಒಂದು ದಿನ ಮುರಿಯುತ್ತದೆ, ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ. ಈಚಿನ ದಶಕಗಳಲ್ಲಿ ಕಾರ್ಬನ್ನಿನ ಬದಲು ನೈಟ್ರೋಜನ್ ಬೆರೆಸಿದ ಎಚ್1ನಂಥ ಉಕ್ಕು ಬಂದು ಸಮುದ್ರದ ನೀರಿನಲ್ಲೂ ತುಕ್ಕು ಹಿಡಿಯದ ಅಲಗುಗಳಾಗಿವೆ. ಕಾಂತೀಯ ಮೈನುಗಳನ್ನು ತೆಗೆಯುವ ನೌಕಾಪಡೆಯ ಮುಳುಗುಗಾರರಿಗೆ ಕಾಂತಕ್ಕೆ ಅಂಟದ ಟೈಟಾನಿಯಮ್ ಅಲಗು ಬೇಕಾಗುವುದು ತುಕ್ಕಿನ ಭಯಕ್ಕಿಂತ ಮೈನಿನ ಭಯದಿಂದ.

ಇನ್ನು ಪರೀಕ್ಷೆಯ ಮಾತು. ಚಾಕು ಮಾರುವವನು ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಹತ್ತು ಸಲ ಬಟನ್ ಒತ್ತುತ್ತಾನೆ, ಹತ್ತೂ ಸಲ ತೆರೆಯುತ್ತದೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಲೆಕ್ಕ ಬಲ್ಲವರು ಚಪ್ಪಾಳೆ ತಟ್ಟಬಾರದು. ನಾಲ್ಕು ಸಲಕ್ಕೆ ಒಂದು ಸಲ ಕೈಕೊಡುವ ದರಿದ್ರ ಚಾಕುವೂ ಹತ್ತಕ್ಕೆ ಹತ್ತು ತೆರೆದು ತೋರಿಸುವ ಸಾಧ್ಯತೆ ನೂರಕ್ಕೆ ಐದಾರರಷ್ಟಿದೆ. ಸಂಖ್ಯಾಶಾಸ್ತ್ರದವರಲ್ಲಿ ಇದಕ್ಕೊಂದು ಸರಳ ಸೂತ್ರ: ಒಂದೂ ಸೋಲಿಲ್ಲದೆ ಎಷ್ಟು ಸಲ ಗೆದ್ದಿತೋ ಆ ಸಂಖ್ಯೆಯಿಂದ ಮೂರನ್ನು ಭಾಗಿಸಿ. ಸೋಲುವ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ನೂರಕ್ಕೆ 95ರ ಭರವಸೆಯಿಂದ ಹೇಳಬಹುದು. ನೂರಕ್ಕೆ ಒಂದಕ್ಕಿಂತ ಹೆಚ್ಚು ಸಲ ಕೈಕೊಡುವುದಿಲ್ಲ ಎನ್ನಬೇಕಾದರೆ ಸತತ 300 ಸಲ ಸೋಲದೆ ತೆರೆಯಬೇಕು. ಅದೂ ತಿಳಿನೀರಿನಲ್ಲಿ ತೆರೆದರೆ ತಿಳಿನೀರಿನ ಬಗ್ಗೆ ಮಾತ್ರ ಹೇಳಿದಂತಾಯಿತು. ನಮ್ಮ ಕಡೆಯ ಪರೀಕ್ಷೆ ಅಂದರೆ ಡ್ರಮ್ಮಿನಲ್ಲಿ ಎರೆಮಣ್ಣು ಕದಡಿ, ಚಾಕುವನ್ನು ಒಂದು ರಾತ್ರಿ ಅದ್ದಿಟ್ಟು, ತೆಗೆದು ತೊಳೆಯದೆ ಬಿಸಿಲಿಗೆ ಒಣಗಿಸಿ, ಮತ್ತೆ ಅದ್ದಿ, ಒದ್ದೆ ಕೈಯಲ್ಲಿ ನೋಡದೆ ಬಟನ್ ಹುಡುಕಿ ಒತ್ತುವುದು. ಜೊತೆಗೆ ಕೇಳಬೇಕಾದ ಇನ್ನೆರಡು: ತೆರೆದ ಚಾಕುವನ್ನು ಕತ್ತಲ ನೀರಿನಲ್ಲಿ ಒಂದೇ ಕೈಯಿಂದ ಮುಚ್ಚಲು ಬರುತ್ತದೆಯೇ? ಕಿಸೆಯಲ್ಲಿದ್ದಾಗ ಪೈಪಿಗೆ ತೊಡೆ ಒತ್ತಿದರೆ ತಾನೇ ತೆರೆದುಕೊಳ್ಳುತ್ತದೆಯೇ? ಪಕ್ಕಕ್ಕೆ ತೆರೆಯುವ ಚಾಕುವನ್ನು ಸ್ಪ್ರಿಂಗಿನ ವಿರುದ್ಧ ಒತ್ತಿ ಮಡಚಬೇಕು. ಬೆರಳು ಕೊಯ್ದುಕೊಳ್ಳದೆ ಅದನ್ನು ನೀರಿನಡಿ ಮಾಡಿ ಮುಗಿಸುವವರು ಕಡಿಮೆ.

ನೀರೇ ಕಸುಬಾದವರು ಏನು ಒಯ್ಯುತ್ತಾರೆ ನೋಡಿದರೆ ಉತ್ತರ ಇನ್ನೂ ಸ್ಪಷ್ಟವಾಗುತ್ತದೆ. ತಾಮ್ರದ ತಲೆಗವಚ ಹೊತ್ತು ಸಮುದ್ರದ ತಳದಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಲಂಡನ್ನಿನ ಸೀಬೆ ಗೋರ್ಮನ್ ಕಂಪನಿ ಮಾಡುತ್ತಿದ್ದ ಚಾಕುವಿನ ಅಲಗು ಮಡಚುತ್ತಿರಲಿಲ್ಲ. ಹಿತ್ತಾಳೆಯ ಒರೆಗೆ ಅದನ್ನು ತಿರುಪಿನಂತೆ ತಿರುಗಿಸಿ ಕೂರಿಸುತ್ತಿದ್ದರು. ಮುಳುಗುಗಾರನಿಗೆ ಅಲಗು ಬೇಗ ತೆರೆಯುವುದಕ್ಕಿಂತ ಚಾಕು ಕಳೆದುಹೋಗದಿರುವುದು ಮುಖ್ಯವಾಗಿತ್ತು. ಇವತ್ತು ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮುಳುಗುವ ಪ್ರವಾಸಿಗೆ ಚಾಕುವೇ ಬೇಕಾಗುವುದಿಲ್ಲ. ಕೆಲಸಕ್ಕೆ ಮುಳುಗುವವರ ಸೊಂಟದಲ್ಲೋ ಮೊಣಕಾಲ ಕೆಳಗೋ ಒರೆಯಲ್ಲಿ ಮಡಚದ ಚಾಕು ಇರುತ್ತದೆ, ಗಾಳಿಯ ಕೊಳವೆಗೆ ಚುಚ್ಚದಂತೆ ಅನೇಕವುಗಳ ಮೊನೆ ಮೊಂಡು. ಅದರ ಜೊತೆಗೆ ಆಸ್ಪತ್ರೆಯ ಕತ್ತರಿಯಂಥ ಗಟ್ಟಿ ಕತ್ತರಿ. ಮೀನುಗಾರರ ಸಣ್ಣ ನೈಲಾನ್ ಎಳೆ ನೀರಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ, ಸಡಿಲವಾಗಿದ್ದರೆ ಚಾಕುವಿನ ಧಾರೆಗೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಕತ್ತರಿ ಅದನ್ನು ಎರಡೂ ಕಡೆಯಿಂದ ಹಿಡಿದು ತುಂಡರಿಸುತ್ತದೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿದಾಗ ನೌಕಾಪಡೆಯ ಮುಳುಗುಗಾರರೂ ಮಲ್ಪೆಯ ಈಶ್ವರ ಅವರ ತಂಡವೂ ಆ ನದಿಗಿಳಿಯಲು ಪಟ್ಟ ಪಾಡನ್ನು ನಾಡು ಟಿವಿಯಲ್ಲಿ ನೋಡಿತು. ಮಳೆಗಾಲದ ಸೆಳೆತ, ಏನೂ ಕಾಣದ ಕೆಂಪು ನೀರು, ತಳದಲ್ಲಿ ಮರ, ತಂತಿ, ಕಬ್ಬಿಣ. ಲಾರಿ ಸಿಕ್ಕಿದ್ದು ಮಳೆ ಇಳಿದು, ಗೋವಾದಿಂದ ಹೂಳೆತ್ತುವ ಯಂತ್ರ ಬಂದ ಮೇಲೆ, ಸೆಪ್ಟೆಂಬರ್ 25ರಂದು. ಅಂಥ ನೀರಿನಲ್ಲಿ ಮುಳುಗುವವನ ಸೊಂಟಕ್ಕೆ ಕಟ್ಟಿದ ಹಗ್ಗ ಅವನನ್ನು ದಡಕ್ಕೆ ಎಳೆಯುತ್ತದೆ. ಅದೇ ಹಗ್ಗ ತಳದ ಕಬ್ಬಿಣಕ್ಕೆ ಸುತ್ತಿಕೊಂಡರೆ ಅವನನ್ನು ಅಲ್ಲೇ ಕಟ್ಟಿಹಾಕುತ್ತದೆ. ಚಾಕು ಬೇಕಾಗುವುದು ಆ ಗಳಿಗೆಗೆ. ಆಗ ಬಟನ್ ಎಲ್ಲಿದೆ ಎಂದು ತಡಕಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಮಲಪ್ರಭೆಯ ದಂಡೆಯವರಿಗೂ ಇದು ಹೊಸದಲ್ಲ. 2009ರಲ್ಲೂ 2019ರ ಆಗಸ್ಟಿನಲ್ಲೂ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು, ಬೆಣ್ಣೆಹಳ್ಳದ ನೀರು ಸೇರಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು ಕಡೆಯ ಊರುಗಳಿಗೆ ನುಗ್ಗಿತು. ಹೊಳೆ ಏರುವ ರಾತ್ರಿ ಗ್ವಾದಲಿಗೆ ಕಟ್ಟಿದ ದನಗಳ ಹಗ್ಗದ ಗಂಟು ನೆಂದು ಬಿಗಿದಿರುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಗಂಟು ಬಿಚ್ಚುತ್ತ ಕೂರುವ ಹೊತ್ತಲ್ಲ ಅದು, ಕುಡಗೋಲು ಹಾಕಿ ಎಳೆಯಬೇಕು. ಕುಡಗೋಲು ಇದಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ಎಂದರೆ, ನೀರೊಳಗಿನ ಚಾಕುವಿನ ಎಲ್ಲ ಪರೀಕ್ಷೆಗಳನ್ನೂ ಅದು ಪರೀಕ್ಷೆಯಿಲ್ಲದೆ ಗೆಲ್ಲುತ್ತದೆ. ಕೀಲಿಲ್ಲ, ಸ್ಪ್ರಿಂಗಿಲ್ಲ. ಧಾರೆ ಒಳಬಾಗಿರುವುದರಿಂದ ಹಗ್ಗ ಜಾರಿ ತಪ್ಪಿಸಿಕೊಳ್ಳುವುದಿಲ್ಲ. ನೀರಿನಲ್ಲಿ ಬೀಸಿ ಹೊಡೆಯಲು ಬರುವುದಿಲ್ಲ, ಎಳೆದು ಕೊಯ್ಯಲು ಬರುತ್ತದೆ. ಕುಡಗೋಲು ಹುಟ್ಟಿರುವುದೇ ಎಳೆದು ಕೊಯ್ಯಲು. ಬಾವಿಗೆ ಇಳಿಯುವವನು ಚಿಕ್ಕ ಕುಡಗೋಲಿನ ಮೊನೆಯನ್ನು ಕಮ್ಮಾರನಲ್ಲಿ ಮೊಂಡು ಮಾಡಿಸಿ, ಹಿಡಿಗೆ ಗೇಣುದ್ದದ ಹುರಿ ಕಟ್ಟಿ ಮುಂಗೈಗೆ ಸಿಕ್ಕಿಸಿಕೊಂಡರೆ, ಆ ಕೆಲಸಕ್ಕೆ ದುಡ್ಡು ಕೊಟ್ಟು ತರುವ ಯಾವ ಬಟನ್ ಚಾಕುವೂ ಅದಕ್ಕೆ ಸಮನಲ್ಲ ಎಂಬುದು ನನ್ನ ಎಣಿಕೆ.

ಪೊಲೀಸರ ಲೆಕ್ಕದಲ್ಲೂ ಕುಡಗೋಲೇ ಮೇಲು. ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಆಯುಧ ಎನಿಸಿಕೊಳ್ಳುತ್ತದೆ, ಮನೆಗೆಲಸ, ಒಕ್ಕಲುತನಕ್ಕೆಂದು ಮಾಡಿದವುಗಳಿಗೆ ವಿನಾಯಿತಿ. ದಿಲ್ಲಿಯಲ್ಲಿ 1980ರ ಅಧಿಸೂಚನೆಯೊಂದು ಬಟನ್ ಚಾಕುಗಳಿಗೆ ಇದಕ್ಕಿಂತ ಬಹಳ ಸಣ್ಣ ಅಳತೆಯನ್ನೇ ಮಿತಿಯಾಗಿಟ್ಟಿತು, ಅಲ್ಲಿನ ಕೋರ್ಟುಗಳಲ್ಲಿ 'ಬಟನ್‌ದಾರ್ ಚಾಕು' ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಉತ್ತರ ಪ್ರದೇಶದ ರಾಂಪುರದ ಚಾಕು ಸಿನಿಮಾ ಖಳರ ಕೈಯಲ್ಲಿ ಗಳಿಸಿದ ಹೆಸರು ಮಡಚುವ ಚಾಕುಗಳನ್ನೆಲ್ಲ ಬೆನ್ನು ಹತ್ತಿದೆ. ಗಜೇಂದ್ರಗಡದ ಬಸ್ಸಿನಲ್ಲಿ ಕುಡಗೋಲು ಹಿಡಿದು ಕೂತವನನ್ನು 'ಎಲ್ಲಿ ಕೊಯ್ಲಿಗೆ ಹೊಂಟೀಯೋ ತಮ್ಮಾ' ಎಂದು ಕೇಳಬಹುದು. ಬಟನ್ ಚಾಕು ಹಿಡಿದವನನ್ನು ಕೇಳುವ ಪ್ರಶ್ನೆಯೇ ಬೇರೆ.

ಈ ಸೀಮೆಯಲ್ಲಿ ಚಾಕುವಿಗೆ ಏನೂ ಮಾಡಲಾಗದ ಇನ್ನೊಂದು ನೀರಿದೆ, ಕೃಷಿಹೊಂಡ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ಒಣಬೇಸಾಯದ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಬಂದವು, ಮಳೆ ಕೈಕೊಟ್ಟಾಗ ಬೆಳೆ ಉಳಿಸಿದವು. ಆ ಹಾಸಿಗೆ ಪಾಚಿ ಕಟ್ಟಿದರೆ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಕೊಡ ತುಂಬಲು ಬಗ್ಗಿದ ಹುಡುಗನೋ ಕುರಿಮರಿಯೋ ಜಾರಿದರೆ, ಈಜು ಬಂದರೂ ಹತ್ತಲು ಹಿಡಿತ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ಸುತ್ತ ಬೇಲಿ, ನಾಲ್ಕೂ ಮೂಲೆಯಲ್ಲಿ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ, ಮೊಳಕ್ಕೊಂದು ಗಂಟು ಹಾಕಿದ ಹಗ್ಗ. ಆ ಹಗ್ಗಕ್ಕೂ ಪರೀಕ್ಷೆ ತಪ್ಪಿದ್ದಲ್ಲ. ಬಿಸಿಲಿಗೆ ನೈಲಾನ್ ಪಿಸಿಯುತ್ತದೆ, ಎರೆಯಲ್ಲಿ ಬೇಸಿಗೆಗೆ ಬಿರುಕು ಬಿಟ್ಟು ಗೂಟ ಸಡಿಲಾಗುತ್ತದೆ. ಮುಂಗಾರಿಗೆ ಮುಂಚೆ ಇಬ್ಬರು ಗಟ್ಟಿ ಆಳುಗಳು ದಡದ ಮೇಲೆ ನಿಂತು ಆ ಹಗ್ಗವನ್ನು ಮೈಭಾರ ಹಾಕಿ ಎಳೆದು ನೋಡಬೇಕು. ಕಿತ್ತುಬಂದರೆ ಹೊಸ ಗೂಟ, ಹೊಸ ಹಗ್ಗ.